ಮುಂದಿನ ಬ್ರೇಕು

ಬೆಳಿಗ್ಗೆಯಿಂದ ಬಾಯಲ್ಲಿ ತುಕ್ಕಿನ ರುಚಿ. ಮನೆಯಲ್ಲಿ ಕುಡಿದ ಕಾಫಿಗೂ ಹೋಗಲಿಲ್ಲ, ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೋ ಇಳಿದು ಬಾಯಿಗೆ ಹಾಕಿಕೊಂಡ ಏಲಕ್ಕಿಗೂ ಹೋಗಲಿಲ್ಲ. ವೆಂಕಟಸುಬ್ಬಯ್ಯ ಶೆಡ್ಡಿನ ಶಟರ್ ಎತ್ತಿ, ದೀಪ ಹಾಕಿ, ಒಂದೊಂದೇ ಕಾರಿನ ಹೊದಿಕೆ ತೆಗೆದು ಸ್ಟಾರ್ಟ್ ಮಾಡುತ್ತ ಹೋದ. ಒಂಬತ್ತು ಕಾರು, ಮೂವತ್ತೊಂದು ಬೈಕು. ವಾರಕ್ಕೆರಡು ಸಲ ಪ್ರತಿಯೊಂದನ್ನೂ ಹತ್ತು ನಿಮಿಷ ನಿಂತಲ್ಲೇ ಓಡಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಸತ್ತುಹೋಗುತ್ತದೆ. ಎಲ್ಲಿಗೂ ಹೋಗದ ಗಾಡಿಗಳು ಗುರುಗುಟ್ಟುತ್ತ ಹೊಗೆ ಬಿಡುವುದನ್ನು ನೋಡಿದರೆ ಅವನಿಗೆ ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೂ ಕೂತು ತೇಗುವ ನೆಂಟರ ನೆನಪಾಗುತ್ತಿತ್ತು. ಹೊಗೆಗೆ ಸೀಟಿನ ಚರ್ಮಕ್ಕೆ ಹೊಡೆಯುವ ಸ್ಪ್ರೇಯ ಸಿಹಿ ವಾಸನೆ ಬೆರೆತು ಗಂಟಲಲ್ಲಿ ಅಂಟಿಕೊಂಡಿತು. ಹೊರಗೆ ಹೋಗಿ ಉಗುಳಿ ಬಂದ. ಶೆಡ್ಡಿನ ಜಾಗದ ಮಾಲೀಕ ನಂಜಪ್ಪ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಹಿಂದೆ ಇಲ್ಲಿ ಅವನ ರಾಗಿ ಹೊಲ ಇತ್ತು. ಈಗ ಸುತ್ತ ಅವನದೇ ಮೂರು ಬಾಡಿಗೆ ಕಟ್ಟಡಗಳು, ಹಿಂದೆ ಐಟಿ ಪಾರ್ಕಿನ ಗಾಜು. "ಅಲ್ಲಾ ಸಾಮಿ," ಎಂದ ನಂಜಪ್ಪ, "ಮನ್ಸಂಗೆ ಇರಾದು ಎರ್ಡು ಕಾಲು. ಇಂಗೆ ನಲವತ್ತು ಗಾಡಿ ಮಡಿಕ್ಕಂಡು ಏನ್ ಮಾಡ್ತಾನೆ ಅವ್ನು?" ವೆಂಕಟಸುಬ್ಬಯ್ಯ ನಕ್ಕ. ನಾಲ್ಕು ವರ್ಷದಿಂದ ಈ ಪ್ರಶ್ನೆಗೆ ಅವನು ನಗುತ್ತಲೇ ಇದ್ದ.

ಅವನು ಅಂದರೆ ನಾಯಕನಟ ಚಿನ್ಮಯ್. ಮೊದಲ ಸಲ ನೋಡಿದಾಗ ವೆಂಕಟಸುಬ್ಬಯ್ಯನಿಗೆ ಅವನ ಮೇಲೆ ಗೌರವವೇ ಹುಟ್ಟಿತ್ತು, ಅದನ್ನು ಸುಳ್ಳೆನ್ನಲಾಗದು. ಸರ್ಕಾರಿ ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ಮೇಲೆ ಮನೆಯಲ್ಲಿ ಹೆಂಡತಿ ಊರ್ಮಿಳಾಳ ಮಿಕ್ಸಿಯನ್ನು ವಾರಕ್ಕೊಮ್ಮೆ ಬಿಚ್ಚಿ ಜೋಡಿಸುತ್ತ ಕೂತಿದ್ದವನನ್ನು ಯಾರೋ ಇಲ್ಲಿಗೆ ಕರೆತಂದರು. ಅಂದು ಚಿನ್ಮಯ್ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಮಲಗಿ ಒಂದು ಬೈಕಿನ ಇಂಜಿನ್ನಿಗೆ ಕಿವಿಯಿಟ್ಟಿದ್ದ. "ಕೇಳಿ ಸುಬ್ಬಣ್ಣ, ಎಡಗಡೆಯದು ಸ್ವಲ್ಪ ಅಳ್ತಾ ಇದೆ," ಎಂದ. ನಿಜಕ್ಕೂ ಎಡಗಡೆ ವಾಲ್ವಿನಲ್ಲೇ ತೊಂದರೆಯಿತ್ತು. ಕಣ್ಣು ಮುಚ್ಚಿಕೊಂಡು ಶಬ್ದದಲ್ಲೇ ಗಾಡಿ ಯಾವುದೆಂದು ಹೇಳುತ್ತಿದ್ದ. ಮೋಹವೇನೋ ನಿಜವಾದದ್ದು. ಆದರೆ ನಾಲ್ಕು ವರ್ಷದಲ್ಲಿ ಒಂದು ನಟ್ಟನ್ನೂ ಬಿಚ್ಚಿದವನಲ್ಲ. ಪೆಟ್ರೋಲ್ ಟ್ಯಾಂಕಿಗೆ ಕೆನ್ನೆ ಒತ್ತಿ ಮುತ್ತು ಕೊಡುತ್ತಿದ್ದ, ಅಲ್ಲಿ ಉಳಿದ ಎಂಜಲಿನ ಗುರುತನ್ನು ವೆಂಕಟಸುಬ್ಬಯ್ಯ ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದ. ಹುಟ್ಟುಹಬ್ಬದ ದಿನ ಅಭಿಮಾನಿಗಳು ಬಂದು ಕಾರಿನ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಅವರ ಬೆವರಿನ ಕೈಗುರುತುಗಳನ್ನೂ ಅವನೇ ಒರೆಸುತ್ತಿದ್ದ. ಒಮ್ಮೆ ಬಂದ ಅತಿಥಿಗೆ ಮ್ಯಾನೇಜರ್ ಸಿದ್ದಾರ್ಥ್ ಅವನನ್ನು ತೋರಿಸಿ "ನಮ್ ಕ್ಲೀನಿಂಗ್ ಅಂಕಲ್" ಎಂದಿದ್ದ. ಆ ದಿನ ಮನೆಗೆ ಹೋಗಿ ಯಾವ ಕಾರಣವೂ ಇಲ್ಲದೆ ಊರ್ಮಿಳಾಳ ಮೇಲೆ ರೇಗಿದ್ದ, ಸಾರಿಗೆ ಉಪ್ಪು ಜಾಸ್ತಿ ಅಂತ.

ಶೆಡ್ಡಿನ ಕೊನೆಯಲ್ಲಿ, ಹೊದಿಕೆಯಿಲ್ಲದೆ, ಎರಡು ಸೈಲೆನ್ಸರಿನ ಒಂದು ಹಳೆಯ ಬೈಕು ನಿಂತಿತ್ತು. ಹೊಸಕೋಟೆ ಕಡೆಯ ಒಂದು ತೋಟದಲ್ಲಿ ಸಿಕ್ಕಾಗ ಅದರ ಸೀಟಿನ ಹೊಟ್ಟೆಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಹನ್ನೊಂದು ತಿಂಗಳು ವೆಂಕಟಸುಬ್ಬಯ್ಯ ಅದರ ರಿಪೇರಿಗೆ ಕೂತಿದ್ದ. ಪೇಟೆಯಲ್ಲಿ ಸಿಗದ ಬಿಡಿಭಾಗಗಳನ್ನು ಪೀಣ್ಯದಲ್ಲಿ, ಫ್ಯಾಕ್ಟರಿಯಲ್ಲಿ ತನ್ನ ಕೈಕೆಳಗಿದ್ದವನ ವರ್ಕ್‌ಶಾಪಿನಲ್ಲಿ, ಭಾನುವಾರಗಳಂದು ತಾನೇ ಲೇತಿಗೆ ನಿಂತು ಕಡೆದಿದ್ದ. ಅದು ಮೊದಲ ಸಲ ಸ್ಟಾರ್ಟ್ ಆದಾಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ, ಒಬ್ಬನೇ ನಿಂತು ಅತ್ತಿದ್ದ. ಒಂದು ಕೆಲಸ ಮಾತ್ರ ಬಾಕಿ ಉಳಿದಿತ್ತು. ಮುಂದಿನ ಚಕ್ರದ ಬ್ರೇಕ್ ಶೂಗಳ ಲೈನಿಂಗ್ ಸವೆದು, ಎಣ್ಣೆ ಕುಡಿದು ಹಿಡಿತ ಬಿಟ್ಟಿತ್ತು. ಹೊಸ ಲೈನಿಂಗ್ ಹಾಕಿದ ಜೋಡಿ ಗುರುವಾರ ಬರಬೇಕಿತ್ತು. ಅಲ್ಲಿಯವರೆಗೆ ಚಕ್ರ ಬರಿದಾಗಿ ಕಾಣದಿರಲೆಂದು ಹಳೆಯದನ್ನೇ ಹಾಕಿ ಮುಚ್ಚಿದ್ದ. ಅಷ್ಟರಲ್ಲಿ ಸಿದ್ದಾರ್ಥ್ ಫೋನ್ ಮಾಡಿ, ಹೊಸ ಸಿನಿಮಾದ ಪ್ರಚಾರಕ್ಕೆ ಚಾನೆಲ್ಲಿನವರು ಮಂಗಳವಾರವೇ ಬರುತ್ತಾರೆ ಎಂದ. ಗುರುವಾರಕ್ಕೆ ರೆಡಿಯಾಗುತ್ತೆ ಸಾರ್ ಎಂದರೆ, "ಬರೀ ಮಾತು ಅಂಕಲ್, ಓಡ್ಸಲ್ಲ. ಫಳಫಳ ಅಂತ ನಿಂತಿದ್ರೆ ಸಾಕು," ಎಂದು ಫೋನಿಟ್ಟ. ಬ್ರೇಕಿನ ವಿಷಯ ಹೇಳುವ ಸಂದರ್ಭವೇ ಬರಲಿಲ್ಲ. ಅಥವಾ ಬಂದಿತ್ತೇನೋ.

ಇಂದೇ ಆ ಮಂಗಳವಾರ; ಹತ್ತೂವರೆಗೆ ವ್ಯಾನುಗಳು ಬಂದವು. ದೀಪ ನಿಲ್ಲಿಸಿದರು, ನೆಲಕ್ಕೆ ನೀರು ಚಿಮುಕಿಸಿ ಹೊಳೆಯುವಂತೆ ಮಾಡಿದರು. ಮೇಕಪ್ಪಿನವನು ಹತ್ತಿರ ಬಂದು, "ಅಂಕಲ್, ಸ್ವಲ್ಪ ಗ್ರೀಸ್ ಬೇಕಿತ್ತು. ಹೊಸಾದು ಕೊಡಿ, ಹಳೇದು ವಾಸನೆ ಹೊಡಿಯುತ್ತೆ," ಎಂದ. ಯಾಕೆಂದು ವೆಂಕಟಸುಬ್ಬಯ್ಯನಿಗೆ ಮೊದಲು ತಿಳಿಯಲಿಲ್ಲ. ಡಬ್ಬಿ ತೆರೆದು ಕೊಟ್ಟಾಗ ಅವನು ಮೂಗು ಮುರಿದು, "ನೀವೇ ಹಚ್ಬಿಡಿ, ನಿಮ್ಗೆ ಗೊತ್ತಿರುತ್ತೆ ಎಲ್ಲೆಲ್ಲಿ ಮೆತ್ಕೊಂಡಿರುತ್ತೆ ಅಂತ," ಎಂದ. ಚಿನ್ಮಯ್ ಕುರ್ಚಿಯಲ್ಲಿ ಕೂತು, ಮದರಂಗಿಗೆ ಕೈಯೊಡ್ಡಿದ ಮದುಮಗಳ ಹಾಗೆ ಹತ್ತೂ ಬೆರಳು ಚಾಚಿದ. ಮೃದುವಾದ, ತಣ್ಣಗಿನ, ನಿಂಬೆಯ ಕ್ರೀಮಿನ ವಾಸನೆಯ ಕೈ. ವೆಂಕಟಸುಬ್ಬಯ್ಯ ಒಂದು ಮೊಣಕಾಲೂರಿ, ಉಗುರಿನ ಸಂದಿಗೆ, ಗೆಣ್ಣಿನ ಮಡಿಕೆಗೆ, ಅಂಗೈಯ ರೇಖೆಗಳಿಗೆ ಗ್ರೀಸ್ ತುಂಬಿದ. ತನ್ನ ಕೈಯನ್ನೇ ನೋಡಿಕೊಂಡು ನಕಲು ತೆಗೆಯುತ್ತಿದ್ದೇನೆಂಬುದು ಅರ್ಧ ಮುಗಿದ ಮೇಲೆ ಹೊಳೆಯಿತು. ಕೈ ನಿಲ್ಲಲಿಲ್ಲ. ಕೆಲಸವನ್ನು ಕೆಟ್ಟದಾಗಿ ಮಾಡುವ ಅಭ್ಯಾಸ ಅದಕ್ಕಿರಲಿಲ್ಲ. "ಸಕ್ಕತ್ತಾಗಿದೆ ಸುಬ್ಬಣ್ಣ," ಎಂದ ಚಿನ್ಮಯ್ ಕೈ ತಿರುಗಿಸಿ ನೋಡುತ್ತ.

ಚಾನೆಲ್ಲಿನ ಹುಡುಗಿಗೆ ಚಿನ್ಮಯ್ ಆ ಕೈಗಳನ್ನು ತೋರಿಸಿದ. ಇದು ತನ್ನ ತಾತ ಓಡಿಸುತ್ತಿದ್ದ ಬೈಕು ಎಂದ, ಶೂಟಿಂಗ್ ಇಲ್ಲದ ದಿನವೆಲ್ಲ ಇಲ್ಲೇ ಬಿದ್ದಿದ್ದೆ ಎಂದ, ಪ್ರತಿ ನಟ್ಟು, ಪ್ರತಿ ಬೋಲ್ಟು ನಾನೇ ಬಿಚ್ಚಿ ಜೋಡಿಸಿದ್ದು ಎಂದ. ಹೇಳುತ್ತ ಹೇಳುತ್ತ ಅವನ ಗಂಟಲು ತುಂಬಿ ಬಂತು. ವೆಂಕಟಸುಬ್ಬಯ್ಯನಿಗೆ ಅಸಹ್ಯವೆನಿಸಿದ್ದು ಆ ಸುಳ್ಳಿನಿಂದಲ್ಲ, ಆ ತುಂಬಿದ ಗಂಟಲಿನಿಂದ. ಅದು ನಟನೆಯಲ್ಲ, ಆ ಗಳಿಗೆಯಲ್ಲಿ ಅವನು ಅದನ್ನು ನಂಬಿದ್ದ. ಹುಡುಗಿ ಮೈಕನ್ನು ಇವನ ಕಡೆ ತಿರುಗಿಸಿ, "ನೀವಿಲ್ಲಿ ಏನ್ ಮಾಡ್ತೀರ ಅಂಕಲ್?" ಎಂದಳು. ಚಿನ್ಮಯ್ ಇವನ ಹೆಗಲ ಮೇಲೆ ಕೈಯಿಟ್ಟು, ಗ್ರೀಸು ತಾಗದಂತೆ ಮಣಿಕಟ್ಟನ್ನಷ್ಟೇ ಊರಿ, "ಸುಬ್ಬಣ್ಣ ನಾನು ಕೆಲಸ ಮಾಡುವಾಗ ಸ್ಪ್ಯಾನರ್ ಎತ್ತಿ ಕೊಡ್ತಾರೆ. ಅಲ್ವಾ ಸುಬ್ಬಣ್ಣ?" ಎಂದ.

"ಹೌದಮ್ಮ. ಎಲ್ಲಾ ಸಾರೇ ಮಾಡಿದ್ದು. ಊಟ ನಿದ್ದೆ ಬಿಟ್ಟು ಮಾಡಿದ್ರು."

ಊಟ ನಿದ್ದೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದು ತಾನಾಗಿ ಬಂತು, ಬೆನ್ನು ತಾನಾಗಿ ಸ್ವಲ್ಪ ಬಾಗಿತು. ಹೀಗೆಯೇ ಒಮ್ಮೆ ಟೂಲ್‌ರೂಮಿಗೆ ಬಂದ ವಿದೇಶಿಯರಿಗೆ ಜನರಲ್ ಮ್ಯಾನೇಜರು ಒಂದು ಅಳತೆಯ ಗೇಜನ್ನು ತೋರಿಸಿ ಇದು ಜರ್ಮನಿಯಿಂದ ತರಿಸಿದ್ದು ಎಂದಿದ್ದರು. ಅದನ್ನು ಮೂರು ತಿಂಗಳು ಉಜ್ಜಿ ಉಜ್ಜಿ ಅಳತೆಗೆ ತಂದಿದ್ದ ಮೂವತ್ತರ ಹರೆಯದ ವೆಂಕಟಸುಬ್ಬಯ್ಯ ಪಕ್ಕದಲ್ಲೇ ನಿಂತು, ಹೌದು ಸಾರ್, ಬಹಳ ಒಳ್ಳೇ ಪೀಸು ಎಂದಿದ್ದ. ಆಗಲೂ ಬಾಯಲ್ಲಿ ಇದೇ ರುಚಿ ಇತ್ತು. ಯಾರ ಮೇಲೆ ಹೇಸಿಗೆ ಎಂದು ಆಗ ಗೊತ್ತಿರಲಿಲ್ಲ, ಈಗ ಗೊತ್ತಾಗುತ್ತಿತ್ತು, ಅದೇ ವ್ಯತ್ಯಾಸ.

ಆಗ ಹುಡುಗಿ, "ಸಾರ್, ಒಂದು ರೌಂಡ್ ಓಡಿಸಿ ತೋರಿಸ್ತೀರಾ?" ಎಂದಳು. ಚಿನ್ಮಯ್‌ನ ಮುಖ ಅರಳಿತು. "ಬನ್ನಿ," ಎಂದ. ಸಿದ್ದಾರ್ಥ್ ಹಿಂದಿನ ಲೇಔಟಿನ ಖಾಲಿ ರಸ್ತೆಗೆ ಕ್ಯಾಮೆರಾ ಕಳಿಸಿದ. ಬೈಕನ್ನು ಹೊರಗೆ ತಳ್ಳಿಕೊಂಡು ಬಂದದ್ದು ವೆಂಕಟಸುಬ್ಬಯ್ಯನೇ. ಚಿನ್ಮಯ್ ಜಾಕೆಟ್ಟು, ಹೆಲ್ಮೆಟ್ಟು ಹಾಕಿ ಸೀಟಿನ ಮೇಲೆ ಕೂತು, ಕ್ಯಾಮೆರಾ ನೋಡುತ್ತಲೇ, "ಎಲ್ಲಾ ಓಕೆ ತಾನೆ ಸುಬ್ಬಣ್ಣ?" ಎಂದು ಕೇಳಿದ. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲಿತ್ತು: ಮುಂದಿನ ಬ್ರೇಕ್ ಹಿಡಿಯಲ್ಲ ಸಾರ್, ಗುರುವಾರದವರೆಗೆ ಬೇಡ. ಬದಲಿಗೆ ಅವನ ಬಾಯಿ ಹೇಳಿತು, "ನಿಮಗೆ ಗೊತ್ತಿಲ್ಲದ್ದೇನಿದೆ ಸಾರ್? ನೀವೇ ಮಾಡಿರೋ ಗಾಡಿ." ಚಿನ್ಮಯ್ ಗಟ್ಟಿಯಾಗಿ ನಕ್ಕ. ಆ ನಗುವಿನಲ್ಲಿ ವೆಂಕಟಸುಬ್ಬಯ್ಯ ಒಂದು ಚಿತ್ರ ಕಂಡ: ತಿರುವಿನಲ್ಲಿ ಗಾಡಿ ನಿಲ್ಲದೆ ಜಾರುತ್ತದೆ, ನಾಯಕ ಧೂಳಿನಲ್ಲಿ ಕುಂಡೆಯೂರಿ ಕೂರುತ್ತಾನೆ, ಅಂಗೈ ತರಚುತ್ತದೆ, ಕ್ಯಾಮೆರಾ ನೋಡುತ್ತಿರುತ್ತದೆ. ಅಷ್ಟೇ. ಅದಕ್ಕಿಂತ ಹೆಚ್ಚು ಬಯಸಿರಲಿಲ್ಲ. ಎಷ್ಟು ಬಯಸಿದರೆ ತಪ್ಪು ಎಂದು ಅಳೆಯುವ ಗೇಜು ಯಾವ ಟೂಲ್‌ರೂಮಿನಲ್ಲೂ ಇರಲಿಲ್ಲ.

ಚಿನ್ಮಯ್ ಹತ್ತು ಮಾರು ಹೋಗಿ ವ್ಯಾನಿನ ಮರೆಗೆ ನಿಲ್ಲಿಸಿ ಇಳಿದ. ಜಾಕೆಟ್ಟು, ಹೆಲ್ಮೆಟ್ಟು ಬಿಚ್ಚಿದ. ವ್ಯಾನಿನ ಹಿಂದಿನಿಂದ ಅದೇ ಎತ್ತರದ, ಅದೇ ಪ್ಯಾಂಟು ತೊಟ್ಟ ಮನುಷ್ಯನೊಬ್ಬ ಬಂದು ಅವನ್ನು ಹಾಕಿಕೊಳ್ಳತೊಡಗಿದ. ಈಶಪ್ಪ. ಹನ್ನೆರಡು ವರ್ಷದಿಂದ ಸಿನಿಮಾದಲ್ಲಿ ಚಿನ್ಮಯ್ ಹಾರಿದ್ದೆಲ್ಲ ಇವನು ಹಾರಿದ್ದು, ಬಿದ್ದದ್ದೆಲ್ಲ ಇವನು ಬಿದ್ದದ್ದು. ಶೆಡ್ಡಿಗೆ ಬಂದಾಗ ವೆಂಕಟಸುಬ್ಬಯ್ಯನ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದ, ಕೆಲಸ ಹೇಗೆ ಮಾಡುತ್ತಾನೆಂದು ಕಣ್ಣಿಟ್ಟು ನೋಡುತ್ತಿದ್ದ. ಡ್ಯೂಪ್ ಇರುತ್ತಾನೆಂದು ವೆಂಕಟಸುಬ್ಬಯ್ಯನಿಗೆ ಯಾಕೆ ಹೊಳೆಯಲಿಲ್ಲ? ಈಶಪ್ಪ ಕೂತು ಲಿವರ್ ಒತ್ತಿ ನೋಡಿ, ಇವನ ಕಡೆ ತಿರುಗಿದ. "ಸಾರ್, ಮುಂದಿಂದು ಸ್ವಲ್ಪ ಲೂಸ್ ಅನ್ನಿಸ್ತಿದೆಯಲ್ಲ?"

ಸಿದ್ದಾರ್ಥ್ ಅಲ್ಲೇ ಇದ್ದ. ಚಿನ್ಮಯ್ ನೀರು ಕುಡಿಯುತ್ತ ಇತ್ತಲೇ ನೋಡುತ್ತಿದ್ದ. ಈಗ ಹೇಳಿದರೆ, ಎರಡು ನಿಮಿಷದ ಹಿಂದೆ ನಾನು ಕೂತಾಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಅದಕ್ಕೆ ಉತ್ತರವಿತ್ತು, ಅದೇ ಕಷ್ಟ.

"ಹೊಸ ಕೇಬಲ್ಲು ಕಣಪ್ಪ," ಎಂದ ವೆಂಕಟಸುಬ್ಬಯ್ಯ. "ನಾಲ್ಕು ಸಲ ಎಳೆದ್ರೆ ಸರಿಹೋಗುತ್ತೆ."

ಈಶಪ್ಪ ತಲೆಯಾಡಿಸಿ ಹೆಲ್ಮೆಟ್ಟಿನ ಗಾಜು ಇಳಿಸಿದ. ಗಾಡಿ ಒದರುತ್ತ ಹೋಯಿತು. ಅದರ ಶಬ್ದ ಎಷ್ಟು ಶುದ್ಧವಾಗಿತ್ತೆಂದರೆ, ಆ ಸ್ಥಿತಿಯಲ್ಲೂ ಅವನೊಳಗೆ ಒಂದು ಹೆಮ್ಮೆ ತಲೆಯೆತ್ತಿತು. ಆಮೇಲೆ ಆ ಹೆಮ್ಮೆಯನ್ನು ನೆನೆದಾಗಲೆಲ್ಲ ಅವನಿಗೆ ವಾಕರಿಕೆ ಬರುತ್ತಿತ್ತು. ಮೊದಲ ಸುತ್ತು ಚೆನ್ನಾಗಿ ಬಂತು. ಇನ್ನೂ ಜೋರಾಗಿ ಎಂದು ಸಿದ್ದಾರ್ಥ್ ಕೈಬೀಸಿದ. ಎರಡನೇ ಸುತ್ತಿನಲ್ಲಿ ತಿರುವಿನ ಕಟ್ಟಡದ ಗೇಟಿನಿಂದ ನೀರಿನ ಟ್ಯಾಂಕರ್ ಒಂದು ಹಿಮ್ಮುಖವಾಗಿ ರಸ್ತೆಗೆ ಬಂತು. ಈಶಪ್ಪನ ಬೆರಳುಗಳು ಲಿವರನ್ನು ಪೂರ್ತಿ ಒತ್ತಿದ್ದು ಅಷ್ಟು ದೂರಕ್ಕೂ ಕಾಣಿಸಿತು. ಗಾಡಿ ನಿಧಾನವಾಗಲಿಲ್ಲ. ಹಿಂದಿನ ಚಕ್ರ ಕಟ್ಟಿಕೊಂಡು ಅಡ್ಡವಾಯಿತು. ಅವನು ಬೇಕೆಂದೇ ಗಾಡಿಯನ್ನು ಕೆಡವಿದ, ಇಲ್ಲದಿದ್ದರೆ ತಲೆ ಹೋಗುತ್ತಿತ್ತು. ಜಾರಿಕೊಂಡು ಹೋಗಿ ಬಲಗಾಲು ಟ್ಯಾಂಕರಿನ ಹಿಂಚಕ್ರಕ್ಕೂ ಬೈಕಿಗೂ ನಡುವೆ ಸಿಕ್ಕಿತು. ಕೂಗಿದ್ದು ಟ್ಯಾಂಕರಿನ ಡ್ರೈವರ್. ಈಶಪ್ಪ ಕೂಗಲಿಲ್ಲ.

ಚಿನ್ಮಯ್ ಎಲ್ಲರಿಗಿಂತ ಮುಂಚೆ ಓಡಿದ. ಓಡಿಹೋಗಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ನಜ್ಜುಗುಜ್ಜಾದ ಪೆಟ್ರೋಲ್ ಟ್ಯಾಂಕನ್ನು ಅಂಗೈಯಿಂದ ಸವರುತ್ತ ಅತ್ತ. ನಿಜವಾದ ಕಣ್ಣೀರು. ಎರಡಡಿ ಆಚೆ ಈಶಪ್ಪನ ಕಾಲನ್ನು ನಂಜಪ್ಪ ತನ್ನ ಟವೆಲ್ಲಿನಿಂದ ಬಿಗಿಯುತ್ತಿದ್ದ. "ಲೇ, ಮನ್ಸಂಗಾಗದೆ ಕಣ್ಲಾ, ಇತ್ಲಾಗ್ ಬಾ," ಎಂದು ನಂಜಪ್ಪ ಹೇಳಿದ್ದು ನಾಯಕನಿಗೆ ಕೇಳಿಸಲಿಲ್ಲ. ವೆಂಕಟಸುಬ್ಬಯ್ಯನೂ ಅರ್ಧ ದಾರಿಯಲ್ಲೇ ನಿಂತಿದ್ದ. ತಾನು ಮೊದಲು ನೋಡಿದ್ದು ಮುಂದಿನ ಚಕ್ರವನ್ನು, ಕಾಲನ್ನಲ್ಲ, ಎಂಬುದು ಅವನಿಗಷ್ಟೇ ಗೊತ್ತಿತ್ತು.

ಸಂಜೆ ಊರ್ಮಿಳಾ ಫೋನು ಹಿಡಿದುಕೊಂಡು ಬಂದಳು. "ಪಾಪ ಕಣ್ರೀ, ನಿಮ್ ಚಿನ್ಮಯ್‌ಗೆ ಆಕ್ಸಿಡೆಂಟ್ ಆಗಿದೆಯಂತೆ, ನೀವು ಹೇಳ್ಲೇ ಇಲ್ಲ." ತೆರೆಯ ಮೇಲೆ ಚಿನ್ಮಯ್ ಎಡಗೈಯನ್ನು ಕೊರಳಿಗೆ ನೇತುಹಾಕಿಕೊಂಡು ಕೂತಿದ್ದ. ಕೊನೇ ಗಳಿಗೆಯಲ್ಲಿ ಬ್ರೇಕ್ ಕೈಕೊಡ್ತು, ಎದುರಿಗೆ ಟ್ಯಾಂಕರ್, ಗಾಡಿ ಕೆಡವಿ ಬದುಕಿದೆ, ಅಭಿಮಾನಿಗಳ ಆಶೀರ್ವಾದ, ಎನ್ನುತ್ತಿದ್ದ. ಕೆಳಗೆ ಸಾವಿರಾರು ಜನ ಕೈಮುಗಿದಿದ್ದರು. ಈಶಪ್ಪನ ಹೆಸರು ಎಲ್ಲೂ ಇರಲಿಲ್ಲ. ಹಿಂದೆಯೇ ಸಿದ್ದಾರ್ಥ್‌ನ ಫೋನ್ ಬಂತು: ಚಾನೆಲ್ಲಿನವರ ಜೊತೆ ಮಾತಾಗಿದೆ, ಈಶಪ್ಪ ಶೆಡ್ಡಿನ ಏಣಿಯಿಂದ ಬಿದ್ದ, ಯಾರು ಕೇಳಿದರೂ ಅಷ್ಟೇ ಹೇಳಬೇಕು. "ಸರಿ ಸಾರ್," ಎಂದ ವೆಂಕಟಸುಬ್ಬಯ್ಯ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ವಾಂತಿ ಮಾಡಿದ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹಳದಿ ನೀರು. ಹೊರಗಿನಿಂದ ಊರ್ಮಿಳಾ, "ಅವ್ರನ್ನ ನೋಡಿ ನಿಮಗೆ ಇಷ್ಟು ಸಂಕಟ ಆಗುತ್ತೆ ಅಂತ ಗೊತ್ತಿದ್ರೆ ತೋರಿಸ್ತಾನೇ ಇರ್ಲಿಲ್ಲ," ಎಂದಳು.

ಮೂರನೆಯ ದಿನ, ಗುರುವಾರ, ಅವನು ಆಸ್ಪತ್ರೆಗೆ ಹೋದ. ಬೆಳ್ಳಂದೂರಿನ ಒಂದು ಸಣ್ಣ ಆಸ್ಪತ್ರೆ, ಎಂಟು ಹಾಸಿಗೆಯ ವಾರ್ಡು, ಡೆಟಾಲ್ ವಾಸನೆಯ ಜೊತೆಗೆ ಕಿಟಕಿಯಿಂದ ಕೆರೆಯ ಕೊಳೆತ ವಾಸನೆ. ಈಶಪ್ಪನ ಮೊಣಕಾಲ ಕೆಳಗೆ ಕಬ್ಬಿಣದ ಸರಳುಗಳು ಚರ್ಮದೊಳಗಿಂದಲೇ ಎದ್ದು ನಿಂತಿದ್ದವು. ಪರವಾಗಿಲ್ಲವಾ, ಊಟ ಮಾಡಿದೆಯಾ ಎಂದು ಎರಡು ಮಾತಾಡಿ, ವೆಂಕಟಸುಬ್ಬಯ್ಯ ಮಂಚದ ಅಂಚಿಗೆ ಕೂತ. ಈಶಪ್ಪ ಚಾವಣಿ ನೋಡುತ್ತಲೇ, "ಕೇಬಲ್ ಅಲ್ಲ ಸಾರ್ ಅದು," ಎಂದ.

ವೆಂಕಟಸುಬ್ಬಯ್ಯ ಹೊದಿಕೆಯ ಅಂಚನ್ನು ಮಡಿಸಿದ.

"ಶೂನೇ ಹೋಗಿತ್ತು. ಒತ್ತಿದ ತಕ್ಷಣ ಕೈಗೆ ಗೊತ್ತಾಯ್ತು. ಆದ್ರೂ ನೀವು ಹೇಳಿದ್ರಲ್ಲ ಅಂತ ಹೊರಟೆ. ಬೇರೆ ಯಾರಾದ್ರೂ ಹೇಳಿದ್ರೆ ಇಳಿದುಬಿಡ್ತಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವವನ ದನಿ. "ಇನ್ನು ಹಾರೋಕಾಗಲ್ಲ ಅಂದ್ರು ಡಾಕ್ಟ್ರು. ನಡೀಬಹುದಂತೆ."

ಅಷ್ಟರಲ್ಲಿ ಅವನ ಹೆಂಡತಿ ಗೌರಿ ಬಂದಳು. ಕೈಯಲ್ಲಿ ಹೋಟೆಲ್ಲಿನ ಇಡ್ಲಿಯ ಪೊಟ್ಟಣ, ಫ್ಲಾಸ್ಕು. ಈಶಪ್ಪ ಕಣ್ಣು ಮುಚ್ಚಿಕೊಂಡ. ಫ್ಯಾಕ್ಟರಿ ಸಾರ್ ನೀವೇನಾ ಎಂದಳು, ಇವರು ಯಾವಾಗಲೂ ನಿಮ್ಮ ಮಾತು ಆಡ್ತಿರ್ತಾರೆ ಎಂದಳು. "ಆ ಕಡೆಯಿಂದ ಒಬ್ರೂ ಬರಲಿಲ್ಲ ಸಾರ್. ನೀವೊಬ್ರೇ ಬಂದಿದ್ದು." ಬೇಡ ಬೇಡವೆಂದರೂ ಕೇಳದೆ ಎಲೆಯ ಮೇಲೆ ಎರಡು ಇಡ್ಲಿ ಹಾಕಿ, ಚಟ್ನಿ ಸುರಿದು ಅವನ ಕೈಗಿಟ್ಟಳು. ಗಂಡನಿಗೆಂದು ತಂದದ್ದು. ಅವನು ಒಂದು ತುಂಡು ಮುರಿದು ಬಾಯಿಗಿಟ್ಟ. ಅಗಿದ. ಅದು ಬಾಯಲ್ಲಿ ಬೆಳೆಯುತ್ತಲೇ ಹೋಯಿತು. ಈಶಪ್ಪ ಕಣ್ಣು ತೆರೆದು ಅವನು ತಿನ್ನುವುದನ್ನು ನೋಡುತ್ತಿದ್ದ. ಅವನು ಹೆಂಡತಿಗೆ ಏನೂ ಹೇಳುವುದಿಲ್ಲ ಎಂಬುದು ವೆಂಕಟಸುಬ್ಬಯ್ಯನಿಗೆ ಅರ್ಥವಾಯಿತು. ಈ ಮನುಷ್ಯ ಇನ್ನೊಬ್ಬರು ಬೀಳಬೇಕಾದಲ್ಲಿ ತಾನು ಬಿದ್ದು ಬಿದ್ದು ರೂಢಿಯಾದವನು.

"ಏಣಿಯಿಂದ ಬಿದ್ದೆ ಅಂತಾರೆ ಇವರು," ಎಂದಳು ಗೌರಿ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. "ಏಣಿಯಿಂದ ಬಿದ್ರೆ ಹಿಂಗೆ ಮೈಯೆಲ್ಲ ತರಚುತ್ತಾ ಸಾರ್? ನನಗೇನು ಕಣ್ಣಿಲ್ವಾ? ಟಿವೀಲಿ ಹೀರೋ ಬಿದ್ದೆ ಅಂದ ಬೈಕಿಂದ ಬಿದ್ದಿದ್ದು ಇವರೇ. ನಮ್ಮ ಮಾತನ್ನ ಯಾರು ನಂಬ್ತಾರೆ ಅಂತ ಸುಮ್ನಿದೀನಿ." ಕಾಫಿ ಬಗ್ಗಿಸಿದಳು. "ಆ ಬೈಕನ್ನ ಅವನೇ ಅಂತೆ ರಿಪೇರಿ ಮಾಡಿದ್ದು. ಒಂದೊಂದು ನಟ್ಟೂ ನಂದೇ ಕೈ ಅಂದ, ಗ್ರೀಸು ಮೆತ್ಕೊಂಡಿರೋ ಕೈ ತೋರಿಸಿದ. ಹಂಗಾದ್ರೆ ಬ್ರೇಕ್ ನೋಡದೆ ಇವರನ್ನ ಕೂರಿಸಿದೋನೂ ಅವನೇ ಅಲ್ವಾ ಸಾರ್? ಅವನ ಕೈ ಬಿದ್ದೋಗ."

ಹೌದಮ್ಮ ಎಂದರೆ ಸಾಕಿತ್ತು. ಹೌದಮ್ಮ ಎಂದು ಅವನು ಒಮ್ಮೆ ಹೇಳಿಯೂ ಆಗಿತ್ತು, ಎಲ್ಲಾ ಸಾರೇ ಮಾಡಿದ್ದು ಎಂದು ಕ್ಯಾಮೆರಾದ ಮುಂದೆ, ನಾಡಿನ ಎದುರಿಗೆ. ಈಗ ಆ ಮಾತು ಅವನನ್ನು ಕಾಪಾಡುತ್ತಿತ್ತು. ಎಲೆಯನ್ನು ಪಕ್ಕದ ಕಪಾಟಿನ ಮೇಲಿಟ್ಟ. ಬಾಯಲ್ಲಿದ್ದುದನ್ನು ನುಂಗಿದ.

"ಇಲ್ಲಮ್ಮ. ಅದನ್ನ ರಿಪೇರಿ ಮಾಡಿದ್ದು ನಾನು."

ಪಕ್ಕದ ಹಾಸಿಗೆಯವನ ಫೋನಿನಲ್ಲಿ ಕ್ರಿಕೆಟ್ಟಿನ ಗದ್ದಲವಿತ್ತು. "ಏನಂದ್ರಿ ಸಾರ್?" ಎಂದಳು ಗೌರಿ. ಎರಡನೇ ಸಲ ಹೇಳಬೇಕಾಯಿತು.

"ಪೂರ್ತಿ ನಾನೇ ಮಾಡಿದ್ದು. ಮುಂದಿನ ಬ್ರೇಕ್ ಹಿಡಿಯಲ್ಲ ಅಂತ ನನಗೆ ಗೊತ್ತಿತ್ತು. ಇವನು ಕೇಳಿದ. ಸುಳ್ಳು ಹೇಳಿ ಕಳಿಸಿದೆ."

ಈಶಪ್ಪ, "ಬಿಡು ಗೌರಿ," ಎಂದ. ಅವಳು ಬಿಡಲಿಲ್ಲ. ಕೂಗಾಡಲೂ ಇಲ್ಲ. ಬಗ್ಗಿಸಿದ್ದ ಕಾಫಿಯನ್ನು ಲೋಟದಿಂದ ಫ್ಲಾಸ್ಕಿಗೆ ಒಂದು ಹನಿ ಚೆಲ್ಲದಂತೆ ಮತ್ತೆ ಸುರಿದು, ಮುಚ್ಚಳ ಬಿಗಿದಳು. ಮಂಚದ ಕೆಳಗಿನಿಂದ ಸ್ಟೂಲು ಎಳೆದು, ಅವನಿಗೂ ಬಾಗಿಲಿಗೂ ನಡುವೆ ಹಾಕಿಕೊಂಡು ಕೂತಳು. ಸೆರಗಿನ ಗಂಟಿನಿಂದ ತನ್ನ ಸಣ್ಣ ಫೋನು ತೆಗೆದು ಒಂದು ಗುಂಡಿ ಒತ್ತಿ, ಇಬ್ಬರ ನಡುವೆ ಹಾಸಿಗೆಯ ಮೇಲಿಟ್ಟಳು. ಅದರಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕಿಯೊಂದು ಮಿನುಗತೊಡಗಿತು.

"ಮೊದಲಿಂದ ಹೇಳಿ," ಎಂದಳು.